ಹುದುಗಿಸಿದ ಗಿಡಮೂಲಿಕೆ ಪಾನೀಯ ಮತ್ತು ಯಕೃತ್ತು: ಕುಡಿದು ನೋಡಿದವರ ಅನುಭವ

ಪ್ರಶ್ನೆ: ಸ್ಕ್ಯಾನಿಂಗ್‌ನಲ್ಲಿ ನನಗೆ ಫ್ಯಾಟಿ ಲಿವರ್ ಇರುವುದು ತಿಳಿದುಬಂದಿದೆ, ಎಸ್‌ಜಿಪಿಟಿ (ಯಕೃತ್ತಿಗೆ ಹಾನಿಯಾದಾಗ ರಕ್ತದಲ್ಲಿ ಹೆಚ್ಚುವ ಕಿಣ್ವ) 72 ಇದೆ. ಕೊಂಬುಚಾದಂತಹ (ಸಕ್ಕರೆ ಹಾಕಿದ ಚಹಾವನ್ನು ಹುಳಿಯಾಗಿಸಿದ್ದು) ಹುದುಗಿಸಿದ ಪಾನೀಯಗಳು ಯಕೃತ್ತನ್ನು ಕಾಪಾಡುತ್ತವೆ ಎಂದು ಓದಿದೆ. ಕುಡಿದು ನೋಡಿದವರು ದಯವಿಟ್ಟು ತಿಳಿಸುವಿರಾ?

ಉತ್ತರ 1: ಇದೇ ಆಸೆಯಿಂದ ನಾನು ನಾಲ್ಕು ತಿಂಗಳು, ದಿನಕ್ಕೆ ಅರ್ಧ ಲೋಟದಂತೆ, ಮನೆಯಲ್ಲೇ ಮಾಡಿದ ಕೊಂಬುಚಾ ಕುಡಿದೆ. 81 ಇದ್ದ ಎಸ್‌ಜಿಪಿಟಿ 47ಕ್ಕೆ ಇಳಿಯಿತು. ಅದರ ಶ್ರೇಯಸ್ಸನ್ನೆಲ್ಲ ಜಾಡಿಗೇ ಕೊಟ್ಟಿದ್ದೆ. ಆದರೆ ಅದೇ ಅವಧಿಯಲ್ಲಿ ಸಿಹಿತಿಂಡಿ ಬಿಟ್ಟು, ಸಂಜೆ ನಡೆಯುವ ಅಭ್ಯಾಸ ಮಾಡಿಕೊಂಡು ಆರು ಕಿಲೋ ಇಳಿದಿದ್ದೆನೆಂಬುದನ್ನು ವೈದ್ಯರು ನೆನಪಿಸಿದ ಮೇಲೆ, ಎರಡು ತಿಂಗಳು ಪಾನೀಯವೊಂದನ್ನೇ ನಿಲ್ಲಿಸಿ, ಉಳಿದದ್ದನ್ನೆಲ್ಲ ಹಾಗೆಯೇ ಮುಂದುವರಿಸಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆ. 44 ಬಂತು. ದೇಹದ ತೂಕ ಶೇ. 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ತಗ್ಗುತ್ತದೆ, ಉರಿಯೂತ ಶಮನವಾಗಲು ಶೇ. 7ರಿಂದ 10ರಷ್ಟು ಇಳಿಯಬೇಕಾಗುತ್ತದೆ ಎಂದು ಅವರು ವಿವರಿಸಿದರು.

ನೀವು ಓದಿದ್ದು ಪೂರ್ತಿ ಸುಳ್ಳೇನಲ್ಲ. ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷವನ್ನು ಅಥವಾ ಅತಿಯಾದ ಪ್ಯಾರಾಸಿಟಮಾಲ್ ಕೊಟ್ಟು ಯಕೃತ್ತಿಗೆ ಹಾನಿಯುಂಟುಮಾಡಿದ ಇಲಿಗಳಲ್ಲಿ ಕೊಂಬುಚಾ ಆ ಹಾನಿಯನ್ನು ತಗ್ಗಿಸಿದ್ದುಂಟು. ಆದರೆ ವಿಷವುಂಡ ಇಲಿಯ ಯಕೃತ್ತೂ ವರ್ಷಗಟ್ಟಲೆ ಕೊಬ್ಬು ತುಂಬಿಕೊಂಡ ನಮ್ಮ ಯಕೃತ್ತೂ ಒಂದೇ ಅಲ್ಲವಲ್ಲ. ಕೊಂಬುಚಾದಲ್ಲಿರುವ ಗ್ಲುಕುರಾನಿಕ್ ಆಮ್ಲವೇ ವಿಷವನ್ನು ಹೊರಹಾಕುತ್ತದೆ ಎಂಬ ಮಾತಂತೂ ನನಗೆ ಒಪ್ಪಿಗೆಯಾಗಿಲ್ಲ; ಆ ಕೆಲಸಕ್ಕೆ ಬೇಕಾದ ರೂಪದಲ್ಲಿ ಅದನ್ನು ಯಕೃತ್ತು ಗ್ಲೂಕೋಸ್‌ನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಇನ್ನು, ಲೀಟರಿಗೆ 70 ಗ್ರಾಂ ಸಕ್ಕರೆ ಹಾಕಿದ ನನ್ನ ಜಾಡಿ ಏಳನೆಯ ದಿನವೂ ಸಿಹಿಯಾಗಿಯೇ ಇರುತ್ತಿತ್ತು. ಹನ್ನೆರಡನೆಯ ದಿನಕ್ಕೆ ಬಟ್ಟೆ ಸರಿಸಿದರೆ ವಿನೆಗರ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸಕ್ಕರೆ ಬಿಡಬೇಕಾದವರು ಇದನ್ನು ಮರೆಯಬಾರದು.

ಉತ್ತರ 2: ಆಯುರ್ವೇದದ ಔಷಧಿಗಳಾದ ಅರಿಷ್ಟ, ಆಸವಗಳೂ ಹುದುಗಿಸಿದವೇ ಆದ್ದರಿಂದ ಒಂದು ಮಾತು. ಹುದುಗುವಾಗ ಅವುಗಳಲ್ಲಿ ಮದ್ಯಸಾರ ತಾನಾಗಿ ಹುಟ್ಟುತ್ತದೆ, ಸಾಮಾನ್ಯವಾಗಿ ಶೇ. 5ರಿಂದ 10. ಸಿರೋಸಿಸ್ (ಯಕೃತ್ತು ಗಾಯಗೊಂಡು ಗಟ್ಟಿಯಾಗುವ ರೋಗ) ಇದ್ದ ನನ್ನ ಅಣ್ಣನಿಗೆ ಹಸಿವಾಗಲೆಂದು ನಾವು ಅರಿಷ್ಟ ಕೊಡುತ್ತಿದ್ದೆವು. ವೈದ್ಯರು ಶೀಶೆ ತರಿಸಿಕೊಂಡು, ಲೇಬಲ್ಲಿನ ಸಣ್ಣ ಅಕ್ಷರಗಳ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ, ಅಂದೇ ನಿಲ್ಲಿಸಿದರು.

ಉತ್ತರ 3: ಮನೆಯಲ್ಲಿ ಮಾಡುವುದಾದರೆ ಗಾಜಿನ ಜಾಡಿಯನ್ನೇ ಬಳಸಿ. ಮೆರುಗು ಹಚ್ಚಿದ ಪಿಂಗಾಣಿಯಲ್ಲಿ ಸೀಸವಿದ್ದರೆ ಪಾನೀಯದ ಹುಳಿ ಅದನ್ನು ಸೆಳೆದುಕೊಳ್ಳುತ್ತದೆ. ಮೇಲ್ಪದರದಲ್ಲಿ ಬೂಷ್ಟು ಕಂಡರೆ ಕೆನೆಯಂತೆ ತೆಗೆದು ಉಳಿದದ್ದನ್ನು ಕುಡಿಯಬೇಡಿ, ಇಡೀ ಜಾಡಿಯನ್ನೇ ಚೆಲ್ಲಿ.