ಹಲ್ಲು ಬಿಳುಪಿನ ಜೆಲ್ 10%, ಸ್ಟ್ರಿಪ್ 6%: ಯಾವುದು ಜೋರು?

ಪ್ರಶ್ನೆ
ಜೆಲ್ ಮೇಲೆ ಕಾರ್ಬಮೈಡ್ ಪೆರಾಕ್ಸೈಡ್ 10% ಅಂತಿದೆ, ಹಲ್ಲಿಗೆ ಅಂಟಿಸೋ ಸ್ಟ್ರಿಪ್ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ 6%. ಯಾವುದನ್ನು ತಗೊಳ್ಳೋದು? ಬಿಳುಪಿನ ಟೂತ್‌ಪೇಸ್ಟ್ ಒಂದೇ ಸಾಲದಾ? ಮುಂದಿನ ಒಂದು ಹಲ್ಲಿಗೆ ಫಿಲ್ಲಿಂಗ್ ಆಗಿದೆ.

ಉತ್ತರ 1
ಸ್ಟ್ರಿಪ್ಪೇ ಜೋರು. ಕಾರ್ಬಮೈಡ್ ಪೆರಾಕ್ಸೈಡ್‌ನ ತೂಕದಲ್ಲಿ ಮೂರನೇ ಒಂದು ಪಾಲಿನಷ್ಟೇ ಹೈಡ್ರೋಜನ್ ಪೆರಾಕ್ಸೈಡ್, ಉಳಿದದ್ದು ಯೂರಿಯಾ. ಅಂದ್ರೆ ನಿಮ್ಮ 10% ನಿಜಕ್ಕೂ ಸುಮಾರು 3.5%. ಆದ್ರೆ ಅದು ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆ ಆಗುತ್ತೆ, ಅದಕ್ಕೇ ಹಲ್ಲಿಗೆ ತೊಡಿಸುವ ಟ್ರೇಯಲ್ಲಿ ಹೆಚ್ಚು ಹೊತ್ತು ಇಡೋದು. ಸ್ಟ್ರಿಪ್ ಸಾಮಾನ್ಯವಾಗಿ 30 ನಿಮಿಷ. ಎಷ್ಟು ಹೊತ್ತು ಅನ್ನೋದಕ್ಕೆ ಪ್ಯಾಕಿನ ಮೇಲೆ ಬರೆದದ್ದೇ ಲೆಕ್ಕ.

ಪೆರಾಕ್ಸೈಡ್ ಅಣು ತೀರಾ ಚಿಕ್ಕದು. ಹಲ್ಲಿನ ಗಟ್ಟಿ ಹೊರಪದರ ಎನಾಮಲ್ ದಾಟಿ, ಅದರಡಿಯ ಪದರ ಡೆಂಟಿನ್‌ಗೆ ಇಳಿದು, ಅಲ್ಲಿರುವ ಬಣ್ಣದ ದೊಡ್ಡ ಅಣುಗಳನ್ನು ಆಕ್ಸಿಡೀಕರಿಸಿ ಒಡೆಯುತ್ತೆ. ಒಡೆದ ಚೂರುಗಳು ಬೆಳಕನ್ನು ಅಷ್ಟಾಗಿ ಹೀರಲ್ಲ, ಹಲ್ಲು ತಿಳಿಯಾಗಿ ಕಾಣುತ್ತೆ.

ಉತ್ತರ 2
ಟೂತ್‌ಪೇಸ್ಟ್‌ನ ಕೆಲಸವೇ ಬೇರೆ. ಅದರಲ್ಲಿರುವ ಸಿಲಿಕಾದಂಥ ಪುಡಿ ಟೀ, ಕಾಫಿ, ತಂಬಾಕಿನ ಮೇಲ್ಗಲೆಯನ್ನು ಉಜ್ಜಿ ತೆಗೆಯುತ್ತೆ, ಒಳಗಿನ ಹಳದಿ ಹಾಗೇ ಇರುತ್ತೆ. ಕೆಲವು ಪೇಸ್ಟ್‌ಗಳು ತೆಳುವಾದ ನೀಲಿ ಪದರ ಕೂರಿಸಿ ಹಳದಿಯನ್ನು ಮರೆಮಾಚ್ತವೆ, ಬಟ್ಟೆಗೆ ನೀಲಿ ಹಾಕಿದ ಹಾಗೆ. ಇದ್ದಿಲ ಪುಡಿ, ನಿಂಬೆರಸ ಮಾತ್ರ ಬೇಡವೇ ಬೇಡ: ಎನಾಮಲ್ ಸವೆದರೆ ಅಡಿಯ ಹಳದಿ ಡೆಂಟಿನ್ ಇನ್ನಷ್ಟು ಎದ್ದು ಕಾಣುತ್ತೆ. ಬಿಳುಪು ಮಾಡಲು ಹೋಗಿ ಹಳದಿ!

ಪ್ರಶ್ನೆ ಕೇಳಿದವರು
ಬಿಳುಪು ಮಾಡುವಾಗ ಹಲ್ಲು ಜುಮ್ಮೆನ್ನೋದು ಯಾಕೆ? ಫಿಲ್ಲಿಂಗ್ ಗತಿ?

ಉತ್ತರ 3
ಪೆರಾಕ್ಸೈಡ್ ಕೆಲವೇ ನಿಮಿಷಗಳಲ್ಲಿ ಹಲ್ಲಿನೊಳಗಿನ ನರವಿರುವ ತಿರುಳನ್ನೂ ಮುಟ್ಟುತ್ತೆ, ಜುಮ್ಮೆನ್ನೋದು ಅದಕ್ಕೇ. 5% ಪೊಟ್ಯಾಷಿಯಂ ನೈಟ್ರೇಟ್ ಇರುವ ಪೇಸ್ಟನ್ನು ಎರಡು ವಾರ ಮೊದಲೇ ಶುರುಮಾಡಿ. ಆಮೇಲೂ ಜುಮ್ಮೆಂದರೆ ಜೆಲ್ ಅಥವಾ ಸ್ಟ್ರಿಪ್ ದಿನ ಬಿಟ್ಟು ದಿನ ಹಾಕಿ. ಜೆಲ್ ಒಂದು ಹಲ್ಲಿಗೆ ಒಂದು ಸಣ್ಣ ಹನಿ ಸಾಕು, ಜಾಸ್ತಿಯಾದರೆ ಉಕ್ಕಿ ವಸಡಿಗೆ ಹತ್ತುತ್ತೆ. ವಸಡು ಬೆಳ್ಳಗಾಗಿ ಉರಿದರೆ ಒರೆಸಿ, ಬಾಯಿ ಮುಕ್ಕಳಿಸಿ.

ಫಿಲ್ಲಿಂಗ್, ಕ್ಯಾಪ್ ಬಣ್ಣ ಬದಲಾಗಲ್ಲ. ಸುತ್ತಲಿನದು ಬೆಳ್ಳಗಾದ ಮೇಲೆ ಫಿಲ್ಲಿಂಗ್ ಕಪ್ಪಗೆ ಕಂಡರೆ ಬದಲಿಸಬಹುದು, ಆದರೆ ಕೊನೆಯ ಬಳಕೆಯಿಂದ ಎರಡು ವಾರ ಬಿಡಿ. ಹಲ್ಲಿನಲ್ಲಿ ಉಳಿದ ಆಮ್ಲಜನಕ ಹೊಸ ಫಿಲ್ಲಿಂಗ್ ಗಟ್ಟಿಯಾಗಿ ಅಂಟಲು ಬಿಡಲ್ಲ. ಅಷ್ಟರಲ್ಲಿ ಬಣ್ಣವೂ ನಿಲ್ಲುತ್ತೆ: ಜೆಲ್ ತೆಗೆದ ಕೂಡಲೇ ಕಾಣುವ ಬಿಳುಪಿನಲ್ಲಿ ಸ್ವಲ್ಪ ಭಾಗ ಹಲ್ಲು ಒಣಗಿದ್ದರಿಂದ ಬಂದದ್ದು.

ಉತ್ತರ 1
ಇನ್ನೊಂದು: ಒಂದೇ ಹಲ್ಲು ಬೂದು ಬಣ್ಣಕ್ಕೆ ತಿರುಗಿದ್ದರೆ ಸ್ಟ್ರಿಪ್ ಹಚ್ಚುವ ಮೊದಲು ಎಕ್ಸ್-ರೇ ಮಾಡಿಸಿ. ಒಳಗಿನ ನರ ಸತ್ತಿರಬಹುದು.