ಎರೆ ಮಣ್ಣಲ್ಲಿ ಎರಡು ಪಥದ ರಸ್ತೆ ನಾಲ್ಕು ಪಥ ಆಗುವಾಗ: ಹಳತು ಹೊಸತು ಕೂಡುವ ಜಾಗಕ್ಕೆ ಏನು ಮಾಡಬೇಕು?

ಎರೆಬಯಲು:
ದಾವಣಗೆರೆ ತಾಲ್ಲೂಕಿನ ಎರೆ ಹೊಲಗಳ ನಡುವೆ ಹೋಗುವ ಮುಖ್ಯರಸ್ತೆ. ಈಗ ಟಾರು 7 ಮೀ. ಅಗಲ, ಏರಿ (ರಸ್ತೆಯ ಕೆಳಗಿನ ಮಣ್ಣಿನ ದಿಬ್ಬ) ಸುಮಾರು 1 ಮೀ. ಎತ್ತರ. ಬಲಕ್ಕೆ ಸ್ವಲ್ಪ ದೂರದಲ್ಲಿ ಭದ್ರಾ ಉಪನಾಲೆ, ಎಡಕ್ಕೆ ಭತ್ತ, ಅಡಿಕೆ. ಇದನ್ನು ಡಿವೈಡರ್ ಇರುವ ನಾಲ್ಕು ಪಥ ಮಾಡಬೇಕು. ಮಣ್ಣಿನ ಫ್ರೀ ಸ್ವೆಲ್ (ನೀರಲ್ಲಿ ಉಬ್ಬುವ ಪ್ರಮಾಣ) 60% ದಾಟಿದೆ, ನೆನೆಸಿದ ಮಣ್ಣಿನ ಸಿಬಿಆರ್ (ಭಾರ ಹೊರುವ ಶಕ್ತಿಯ ಅಳತೆ) 2. ಕರಡು ನಕ್ಷೆಯಲ್ಲಿ ಎರಡೂ ಬದಿಗೆ ಸಮನಾಗಿ ಅಗಲ ಮಾಡುವುದು ಅಂತಿದೆ. ಹಾಗೆ ಮಾಡಿದ ಕಡೆಗಳಲ್ಲಿ ಎರಡನೇ ಬೇಸಿಗೆಗೇ ಉದ್ದಕ್ಕೂ ಬಿರುಕು ಬಿಡುವುದು ಕಾಣುತ್ತದೆ. ಎರಡೂ ಬದಿ ಸರಿಯೋ, ಒಂದೇ ಬದಿ ಸರಿಯೋ?

ರಸ್ತೆ_ಅಂಚು:
ಈ ಮಣ್ಣಿನಲ್ಲಿ ಒಂದೇ ಬದಿ ಮಾಡಿ ಸರ್, ಅದೂ ಎಡಕ್ಕೆ. ಎರಡೂ ಬದಿ ಅಗಲ ಮಾಡಿದರೆ ಹಳತು ಹೊಸತು ಕೂಡುವ ಗೆರೆ ಎರಡಾಗುತ್ತದೆ, ಎರಡೂ ಲಾರಿ ಚಕ್ರದ ಕೆಳಗೇ ಬರುತ್ತವೆ. ಹಳೆ ಏರಿ ವರ್ಷಗಟ್ಟಲೆ ಕೂತು ಗಟ್ಟಿಯಾಗಿದೆ, ಹೊಸದು ಇನ್ನೂ ಕೂರಬೇಕು. ಬಿರುಕು ಬಿಡುವುದು ಅದಕ್ಕೇ.

ಹಳೆ 7 ಮೀ. ಟಾರನ್ನು ಒಂದು ದಿಕ್ಕಿಗೆ ಇಟ್ಟುಕೊಳ್ಳಿ. ಎಡಕ್ಕೆ 4.5 ಮೀ. ಮೀಡಿಯನ್ (ನಡುವಿನ ಡಿವೈಡರ್ ಪಟ್ಟಿ) ಬಿಟ್ಟು ಹೊಸ 7 ಮೀ. ಕಟ್ಟಿದರೆ ಕೂಡುವ ಗೆರೆ ಮೀಡಿಯನ್ ಕೆಳಗೆ ಹೋಗುತ್ತದೆ. ಎರಡೂ ಹೊರಬದಿಗೆ 1.5 ಮೀ. ಟಾರಿನ ಶೋಲ್ಡರ್ (ಅಂಚಿನ ಪಟ್ಟಿ), ಅದರಾಚೆ ಮಣ್ಣಿನ ಶೋಲ್ಡರ್ ಸೇರಿಸಿದರೆ ಏರಿಯ ತಲೆ ಸುಮಾರು 25 ಮೀ. ಆಗುತ್ತದೆ. ಹೊಸದು ಮುಗಿಯುವವರೆಗೆ ವಾಹನ ಹಳೆ ರಸ್ತೆಯಲ್ಲೇ ಓಡಲಿ, ಆಮೇಲೆ ಅತ್ತ ತಿರುಗಿಸಿ ಹಳೆಯದನ್ನು ಕೈಗೆತ್ತಿಕೊಳ್ಳಿ.

ಎರಡು ವಿಷಯ ಅಂದಾಜುಪಟ್ಟಿಯಲ್ಲಿ ಬಿಟ್ಟುಹೋಗುತ್ತವೆ. ಹಳೆ ರಸ್ತೆ ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಇನ್ನು ಮೇಲೆ ಅದು ಹೊರಬದಿಗೆ ಮಾತ್ರ ಇಳಿಯಬೇಕು. 2.5% ಇಳಿಜಾರಿಗೆ ಲೆಕ್ಕ ಹಾಕಿ: ಹೊರ ಅರ್ಧವನ್ನು ಮುಟ್ಟದೆ ಬಿಟ್ಟರೂ ಮೀಡಿಯನ್ ಕಡೆಯ ಅಂಚನ್ನು 175 ಮಿ.ಮೀ. ಎತ್ತಬೇಕು. ಇದಕ್ಕೆ ಬೇಕಾದ ಸಾಮಗ್ರಿಯ ಪ್ರಮಾಣ ಮೊದಲೇ ಬರೆದಿಡದಿದ್ದರೆ ಮಳೆನೀರು ಮೀಡಿಯನ್ ಒಳಕ್ಕೇ ಹರಿಯುತ್ತದೆ. ಎರಡನೆಯದು, ಹಳೆ ಟಾರಿನ ಹೊರಬದಿಗೆ ಸೇರಿಸುವ 1.5 ಮೀ. ಪಟ್ಟಿ. ರೋಲರಿನ ಡ್ರಮ್ಮೇ ಸುಮಾರು 2.1 ಮೀ. ಇರುತ್ತದೆ, ಅಷ್ಟು ಇಕ್ಕಟ್ಟಿನಲ್ಲಿ ಅದು ಇಳಿಯುವುದೇ ಇಲ್ಲ. ಮಣ್ಣಿನ ಶೋಲ್ಡರನ್ನೂ ಸೇರಿಸಿ 2.5 ಮೀ. ಅಗೆಯಿರಿ. ಕಡಿಮೆ ಅಗೆದು ಕೈಯಲ್ಲಿ ದಮ್ಮಸ್ಸು ಹೊಡೆದ ಜಾಗವೇ ಮೊದಲು ಕುಸಿಯುವುದು.

ದುರ್ಗದ_ಜಲ್ಲಿ:
ಮೇಲಿನದು ಸರಿ, ಆದರೆ ಮೀಡಿಯನ್ ಕೆಳಗೆ ಬಿತ್ತು ಅಂತ ಆ ಗೆರೆಯನ್ನು ಮರೆಯಬೇಡಿ. ಅಲ್ಲಿ ಗಿಡ ನೆಟ್ಟು ಟ್ಯಾಂಕರಿನಿಂದ ನೀರು ಬಿಟ್ಟರೆ ಅದು ನೇರ ಎರೆ ಮಣ್ಣಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮಣ್ಣು ಅದು.

ಹಳೆ ಏರಿಯ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಪ್ರತಿ ಮೆಟ್ಟಿಲು ಕನಿಷ್ಠ 300 ಮಿ.ಮೀ. ಅಗಲ. ಹುಲ್ಲು ಬೇರು ಕಿತ್ತು, ಹೊಸ ಮಣ್ಣನ್ನು ಗಟ್ಟಿಯಾದ ಮೇಲೆ 200 ಮಿ.ಮೀ. ಮೀರದ ಪದರಗಳಲ್ಲಿ ಹಾಕಿ. ಏರಿಗೆ ಪ್ರಯೋಗಾಲಯದ ಗರಿಷ್ಠದ 95%, ರಸ್ತೆ ಪದರಗಳ ಕೆಳಗೇ ಬರುವ ಮೇಲಿನ 500 ಮಿ.ಮೀ. ಸಬ್‌ಗ್ರೇಡಿಗೆ 97% ಸಾಂದ್ರತೆ ಬರಲೇಬೇಕು. ಇಳಿಜಾರಿನ ಮೇಲೆ ಹಾಗೇ ಮಣ್ಣು ಸುರಿದರೆ ಹೊಸದು ಜಾರುತ್ತದೆ.

ಫ್ರೀ ಸ್ವೆಲ್ 50% ಮೀರಿದ ಮಣ್ಣನ್ನು ಏರಿಗೆ ಬಳಸುವಂತಿಲ್ಲ, ಹೊಲದಿಂದ ಬಾಚಿ ಹಾಕಲು ಬಿಡಬೇಡಿ. ಕೆಳಗಿನ ಎರೆ ಹಾಗೇ ಇರುವ ಕಡೆ ಅದರ ಮೇಲೆ 0.6ರಿಂದ 1 ಮೀ. ಉಬ್ಬದ, ಆದರೆ ಅಂಟು ಗುಣ ಇರುವ ಮಣ್ಣಿನ ಮೆತ್ತೆ ಬೇಕು. ಮರಳು ಬೇಡ. ಮರಳು ನೀರು ಹಿಡಿದಿಟ್ಟುಕೊಂಡು ಎರೆಗೆ ಕುಡಿಸುತ್ತದೆ.

ಗರಸು ಅಂದ ಮಾತ್ರಕ್ಕೆ ಎಲ್ಲ ಕೆಂಪು ಗರಸೂ ಸಬ್‌ಗ್ರೇಡಿನ ಮೇಲಿನ ನೀರು ಬಸಿಯುವ ಪದರವಾದ ಜಿಎಸ್‌ಬಿಗೆ ಆಗುವುದಿಲ್ಲ. 425 ಮೈಕ್ರಾನ್ ಜರಡಿಯಲ್ಲಿ ಇಳಿದ ಪುಡಿಯ ಲಿಕ್ವಿಡ್ ಲಿಮಿಟ್ 25, ಪ್ಲಾಸ್ಟಿಸಿಟಿ ಇಂಡೆಕ್ಸ್ 6 ದಾಟಬಾರದು (ಎರಡೂ ಜೇಡಿ ಗುಣದ ಅಳತೆಗಳು). ಗುಂಡಿ ಬದಲಾದಾಗೆಲ್ಲ ಪರೀಕ್ಷೆ ಮಾಡಿಸಿ. ಇನ್ನೊಂದು ಮುಖ್ಯ ಮಾತು: ಜಿಎಸ್‌ಬಿ ಪದರ ಏರಿಯ ಇಳಿಜಾರಿನವರೆಗೂ ಹೋಗಿ ಹೊರಗೆ ಕಾಣಬೇಕು. ಅದನ್ನು ಟಾರಿನ ಅಂಚಿಗೇ ನಿಲ್ಲಿಸಿ ಪಕ್ಕಕ್ಕೆ ಎರೆ ಮಣ್ಣು ತುಂಬಿದರೆ ರಸ್ತೆಯ ಹೊಟ್ಟೆಯಲ್ಲಿ ನೀರು ಕಟ್ಟಿಕೊಂಡಂತೆ. ನಿಮ್ಮ ಎಡಕ್ಕೆ ಭತ್ತದ ಗದ್ದೆ ಇರುವುದರಿಂದ ಸಬ್‌ಗ್ರೇಡಿನ ತಳ ಗದ್ದೆ ನೀರಿನ ಮಟ್ಟಕ್ಕಿಂತ 0.6ರಿಂದ 1 ಮೀ. ಮೇಲಿರಲಿ. ಅಂದರೆ ಹೊಸ ಬದಿ 1 ಮೀ. ಏರಿಯಲ್ಲಿ ಮುಗಿಯುವುದಿಲ್ಲ.

ನಾಲೆ_ಬದಿ:
ಮೋರಿಗಳ ಬಗ್ಗೆ ಯಾರೂ ಹೇಳಲಿಲ್ಲ. ಹಳೆ 600 ಮಿ.ಮೀ. ಹ್ಯೂಮ್ (ಕಾಂಕ್ರೀಟ್) ಪೈಪಿಗೆ ಇನ್ನೊಂದು ಜೋಡಿಸಿ ಉದ್ದ ಮಾಡುವುದು ಬೇಡವೇ ಬೇಡ. ಹೊಸ ಏರಿ ಕೂತಾಗ ಕೀಲು ತೆರೆದುಕೊಂಡು ಸೋರುತ್ತದೆ. ಉದ್ದವಾದಷ್ಟೂ ಹುಲ್ಲು, ಹೂಳು ಕಟ್ಟಿದರೆ ತೆಗೆಯುವುದು ಕಷ್ಟ. ಪೂರ್ತಿ ಕಿತ್ತು ಮನುಷ್ಯ ಒಳಹೊಕ್ಕು ಸ್ವಚ್ಛ ಮಾಡುವಂಥ ಬಾಕ್ಸ್ ಮೋರಿ ಕಟ್ಟಿ.

ನಾಲೆ ದಾಟುವ ಕೆಲಸಕ್ಕೆ ಕಾಲ ನೋಡಿಕೊಳ್ಳಬೇಕು. ಬೇಸಿಗೆ ಬೆಳೆಗೆ ಸಾಮಾನ್ಯವಾಗಿ ಜನವರಿಯಿಂದ ಮೇವರೆಗೆ ನೀರು ಹರಿಯುತ್ತದೆ, ಮಳೆಗಾಲದ ಬೆಳೆಗೆ ಮತ್ತೆ ಬಿಡುತ್ತಾರೆ. ನಡುವಿನ ಬಿಡುವು ಚಿಕ್ಕದು. ತಳಪಾಯ ಮುಗಿಯುವಷ್ಟು ಸಾಮಾನು, ಕಬ್ಬಿಣ ಮೊದಲೇ ಸ್ಥಳದಲ್ಲಿರಲಿ.

ರೈತರ ಬೋರ್ ಪೈಪುಗಳು ರಸ್ತೆ ದಾಟುವ ಕಡೆಗಳನ್ನು ಊರಿನವರನ್ನೇ ಕೇಳಿ ಗುರುತು ಹಾಕಿ ಖಾಲಿ ಹ್ಯೂಮ್ ಪೈಪು ಹೂತಿಡಿ. ಇಲ್ಲದಿದ್ದರೆ ಉದ್ಘಾಟನೆಯಾದ ವಾರಕ್ಕೇ ಹೊಸ ಟಾರು ಅಗೆಯಬೇಕಾಗುತ್ತದೆ. ಅವರಿಗೂ ಬೇರೆ ದಾರಿ ಇರುವುದಿಲ್ಲ.

ಎರೆಬಯಲು:
ತುಂಬಾ ಉಪಕಾರ. ಟಾರಿನ ಪದರಗಳಲ್ಲಿ ಜೋಡಣೆ ಹೇಗೆ? ಹಳ್ಳಿಗಳ ಹತ್ತಿರ ಡಿವೈಡರ್ ಎಲ್ಲಿ ತೆರೆಯಬೇಕು?

ರಸ್ತೆ_ಅಂಚು:
ಶೋಲ್ಡರ್ ಸೇರುವ ಕಡೆ ಹಳೆ ಟಾರಿನ ಒಡೆದ ಅಂಚನ್ನು ಕಟರ್‌ನಿಂದ ನೇರವಾಗಿ ಕತ್ತರಿಸಿ, ನಿಂತ ಮುಖಕ್ಕೆ ಬಿಸಿ ಬಿಟುಮೆನ್ ಬಳಿಯಿರಿ. ಒಂದು ಪದರದ ಉದ್ದ ಜೋಡಣೆ ಕೆಳಗಿನದರ ನೇರಕ್ಕೆ ಬರದೆ ಕನಿಷ್ಠ 300 ಮಿ.ಮೀ. ಪಕ್ಕಕ್ಕಿರಲಿ.

ಮೆಕ್ಕೆಜೋಳ_ಸೀಮೆ:
ಡಿವೈಡರ್ ವಿಷಯ: ತೆರಪುಗಳ ನಡುವೆ ಸುಮಾರು 2 ಕಿ.ಮೀ. ಇರಬೇಕೆನ್ನುವುದು ವಾಡಿಕೆ. ಆದರೆ ಹೊಲ ಎದುರಿಗೇ ಇರುವ ರೈತ ಟ್ರ್ಯಾಕ್ಟರಿನಲ್ಲಿ ಅಷ್ಟು ಸುತ್ತುವುದಿಲ್ಲ, ಎದುರು ದಿಕ್ಕಿನಲ್ಲೇ ಬರುತ್ತಾನೆ. ರಾತ್ರಿ ದೀಪವಿಲ್ಲದ ಟ್ರೇಲರ್ ಹಾಗೆ ಬಂದರೆ ಸಾವೇ. ಊರಿದ್ದ ಕಡೆ ಎರಡೂ ಬದಿ ಸರ್ವೀಸ್ ರಸ್ತೆ ಕೊಡಿ. ತೆರಪಿನಲ್ಲಿ ಬಲಕ್ಕೆ ತಿರುಗುವವರು ಕಾಯಲು 3.5 ಮೀ. ಪಥ ಬೇಕು, ಟ್ರೇಲರ್ ಸಮೇತ ನಿಲ್ಲುವಷ್ಟು ಉದ್ದವಾಗಿ. ಊರೊಳಗೆ ಜಾಗ ಉಳಿಸಲು ಮೀಡಿಯನ್ 1.2 ಮೀ.ಗೆ ಇಳಿಸಿದ ಕಡೆ ಆ ಪಥಕ್ಕೆ ಜಾಗವೇ ಇರುವುದಿಲ್ಲ, ಅಂಥ ಕಡೆ ತೆರಪು ಕೊಡಲೇಬೇಡಿ.

ಇನ್ನೊಂದು ಕೋರಿಕೆ. ಸುಗ್ಗಿಯಲ್ಲಿ ಹೊಸ ಟಾರಿನ ಮೇಲೆ ಮೆಕ್ಕೆಜೋಳ ಹರಡುತ್ತಾರೆ, ಸುತ್ತ ಕಲ್ಲಿಡುತ್ತಾರೆ. ಆ ಕಲ್ಲಿಗೆ ಬೈಕುಗಳು ಬಡಿಯುತ್ತವೆ. ಬೋರ್ಡ್ ಹಾಕಿದರೆ ನಿಲ್ಲುವುದಿಲ್ಲ, ಒಣಗಿಸಲು ಅವರಿಗೆ ಬೇರೆ ಜಾಗವಿಲ್ಲ. ಭೂಸ್ವಾಧೀನದಲ್ಲಿ ಉಳಿಯುವ ಮೂಲೆ ತುಂಡುಗಳಲ್ಲಿ, ತಿರುವು ನೇರ ಮಾಡಿದಾಗ ಬಿಟ್ಟುಹೋಗುವ ಹಳೆ ರಸ್ತೆ ತುಂಡುಗಳಲ್ಲಿ ಊರಿಗೊಂದು ಕಾಂಕ್ರೀಟ್ ಕಣ ಮಾಡಿಕೊಡಿ ಸರ್. ನಕ್ಷೆ ಇನ್ನೂ ಕರಡಿನಲ್ಲಿದೆ, ಈಗಲೇ ಸೇರಿಸಿದರೆ ಆಗುತ್ತದೆ.