ಸಹಾಯ ಬೇಕು: ಮ್ಯೂನಿಕ್‌ನಲ್ಲಿ 4ನೇ ಕ್ಲಾಸ್ ಆದ್ಮೇಲೆ ಯಾವ ಸ್ಕೂಲು?

ಎಲ್ರಿಗೂ ನಮಸ್ಕಾರ, ನಾವು ಮ್ಯೂನಿಕ್‌ಗೆ ಬಂದು ಮೂರು ವರ್ಷ ಆಯ್ತು, ಮಗಳು ಈಗ ಗ್ರುಂಡ್‌ಶೂಲೆಯಲ್ಲಿ (ಪ್ರೈಮರಿ ಸ್ಕೂಲು) 4ನೇ ಕ್ಲಾಸು. ಚಿಕ್ಕೋನು ಕಿಂಡರ್‌ಗಾರ್ಟನ್, ಅವನದೇನೂ ತಲೆಬಿಸಿ ಇಲ್ಲ, 6 ವರ್ಷ ಆಗೋವರೆಗೂ ಆಟ ಆಡ್ಕೊಂಡಿರ್ತಾನೆ. ನಮ್ಮಲ್ಲಾದ್ರೆ ಎಸ್ಸೆಸ್ಸೆಲ್ಸಿ ತನಕ ಎಲ್ರೂ ಒಂದೇ ದಾರಿ, ಸೈನ್ಸೋ ಕಾಮರ್ಸೋ ಅಂತ ಪಿಯುಸಿಗೆ ಯೋಚ್ನೆ ಮಾಡಿದ್ರಾಯ್ತು, ಇಲ್ಲಿ ಬವೇರಿಯಾದಲ್ಲಿ 10 ವರ್ಷಕ್ಕೇ ಮಕ್ಕಳನ್ನ ಬೇರೆ ಮಾಡ್ಬಿಡ್ತಾರೆ, ಜರ್ಮನ್, ಗಣಿತ, ಪರಿಸರ ಪಾಠ ಮೂರೂ ಸೇರಿ ಸರಾಸರಿ 2.33ರೊಳಗಿದ್ರೆ ನೇರ ಯೂನಿವರ್ಸಿಟಿ ಕಡೆಗೆ ಓದಿಸೋ ಗಿಮ್ನಾಸಿಯುಮ್, 2.66ರೊಳಗಿದ್ರೆ 10ನೇ ಕ್ಲಾಸ್‌ವರೆಗಿನ ಮಧ್ಯದ ಹಂತದ ರಿಯಾಲ್‌ಶೂಲೆ, ಇಲ್ಲಾಂದ್ರೆ ಹೆಚ್ಚಾಗಿ ಕೆಲಸ ಕಲಿಯೋ ಕಡೆಗೆ ತಯಾರು ಮಾಡೋ ಮಿಟ್ಟೆಲ್‌ಶೂಲೆ (ಇಲ್ಲಿ 1 ಅಂದ್ರೆ ಚೆನ್ನಾಗಿ ಬಂದಂಗೆ, 6 ಅಂದ್ರೆ ಡುಮ್ಕಿ, ಊರಲ್ಲಿ ಅಜ್ಜಿಗೆ ಇದನ್ನ ಅರ್ಥ ಮಾಡಿಸೋಷ್ಟರಲ್ಲಿ ಸಾಕಾಯ್ತು). ಇವಳದ್ದು 2.66ರಲ್ಲಿ ನಿಂತಿದೆ, ಜರ್ಮನ್ ಒಂದೇ ಕೆಳಗೆ ಎಳೀತಿರೋದು.

ಈಗ ಗಿಮ್ನಾಸಿಯುಮ್‌ಗೆ ಅಂತ, ಸರಾಸರಿ ಸಾಲದ ಮಕ್ಕಳಿಗೆ ಇಡೋ ಟ್ರಯಲ್ ಪರೀಕ್ಷೆ ಬರೆಸೋದಾ, ಇಲ್ಲಾ ಆರಾಮಾಗಿ ರಿಯಾಲ್‌ಶೂಲೆ ಮುಗಿಸಿ ಆಮೇಲೆ ಎಫ್‌ಓಎಸ್‌ನಲ್ಲಿ (10ನೇ ಕ್ಲಾಸ್ ಆದ್ಮೇಲೆ ಸೇರೋ ಸ್ಕೂಲು) 13ನೇ ಕ್ಲಾಸ್‌ವರೆಗೂ ಓದಿ ಅಬಿಟೂರ್ (ಯೂನಿವರ್ಸಿಟಿ ಸೇರೋಕೆ ಬೇಕಾದ ಸರ್ಟಿಫಿಕೇಟು) ತಗೊಂಡು ಯೂನಿವರ್ಸಿಟಿಗೆ ಹೋಗೋದು ವಾಸಿನಾ? ಟೀಚರ್ ರಿಯಾಲ್‌ಶೂಲೆನೇ ಸರಿ ಅಂತಾರೆ, ನಮ್ಮನೆಯವ್ರು ಸುತಾರಾಂ ಒಪ್ತಿಲ್ಲ. ಮೇ ತಿಂಗಳಲ್ಲಿ ಈ ಸರಾಸರಿ ಇರೋ ಮಾರ್ಕ್ಸ್ ಕಾರ್ಡ್ ಕೈಗೆ ಬರತ್ತೆ. ಆ ಎಫ್‌ಓಎಸ್ ದಾರೀಲಿ ಮಕ್ಕಳನ್ನ ಓದಿಸಿರೋರು ಇದ್ರೆ ಹೇಳಿ ಪ್ಲೀಸ್, ಇನ್‌ಬಾಕ್ಸ್ ಮಾಡಿದ್ರೂ ಪರ್ವಾಗಿಲ್ಲ.